ದೂರದ ಪೇಟೆಯ ಉಡುಗೊರೆಯೂ ಶ್ರಾವಕನ ವ್ರತವೂ

ಪರಸ್ಥಳಕ್ಕೆ ಹೋದವನು ಬರಿಗೈಯಲ್ಲಿ ಮನೆಗೆ ಮರಳಬಾರದೆಂಬುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಶ್ರವಣಬೆಳಗೊಳಕ್ಕೆ ಹೋದವರು ಗಂಧೋದಕವನ್ನು ತರುವರು. ಸಮ್ಮೇದಶಿಖರಕ್ಕೆ ಹೋದವರು ಕ್ಷೇತ್ರದ ಚಿತ್ರಪಟವನ್ನೂ ಜಪಮಾಲೆಗಳನ್ನೂ ತಂದು ನೆಂಟರಿಷ್ಟರಿಗೆ ಹಂಚುವರು. ದೂರ ಹೋದಾಗಲೂ ನಿಮ್ಮನ್ನು ಮರೆಯಲಿಲ್ಲ ಎಂಬ ಮಾತನ್ನು ಒಂದು ವಸ್ತುವಿನ ಮೂಲಕ ಹೇಳುವುದೇ ಉಡುಗೊರೆಯ ಅರ್ಥ. ಇದರಲ್ಲಿ ನಿಂದಿಸತಕ್ಕದ್ದೇನೂ ಇಲ್ಲ.

ಆದರೆ ಈಗ ಪ್ರಯಾಣದ ದಿಕ್ಕೂ ದೂರವೂ ಬದಲಾಗಿವೆ. ತುಂಗಭದ್ರೆಯ ದಂಡೆಯ ಕುಮಾರಪಟ್ಟಣ, ಹರಿಹರ, ರಾಣೆಬೆನ್ನೂರುಗಳಂತಹ ಊರುಗಳಿಂದಲೂ ವ್ಯಾಪಾರಕ್ಕೆಂದೋ, ಯಂತ್ರಗಳನ್ನು ನೋಡಲೆಂದೋ, ವೈದ್ಯಶಿಕ್ಷಣಕ್ಕೆಂದೋ ಚೀನಾ ದೇಶದವರೆಗೆ ಹೋಗಿಬರಬಹುದಾದ ಕಾಲವಿದು. ಗುವಾಂಗ್‌ಝೌ ನಗರದಲ್ಲಿ 1957ರಿಂದ ವರ್ಷಕ್ಕೆ ಎರಡು ಬಾರಿ ನಡೆಯುವ ವ್ಯಾಪಾರ ಮೇಳಕ್ಕೆ ಲೋಕದ ಎಲ್ಲ ಕಡೆಯ ವರ್ತಕರೂ ಬರುತ್ತಾರೆ. ಶಾಂಘೈ ನಗರದಲ್ಲಿ ಮಿಂಗ್ ಅರಸರ ಕಾಲದ ಯು ಉದ್ಯಾನದ ಸುತ್ತ ಹಬ್ಬಿರುವ ಪೇಟೆಯಲ್ಲಿ ಹೊರಗಿನವನ ಕಣ್ಣು ಸೆಳೆಯುವ ವಸ್ತುಗಳಿಗೆ ಲೆಕ್ಕವಿಲ್ಲ: ಸುಝೌ ಕಸೂತಿಯ ರೇಷ್ಮೆ, ಹಾಂಗ್‌ಝೌ ರೇಷ್ಮೆಯ ವಸ್ತ್ರ, ಸಿಹಿನೀರಿನ ಮುತ್ತಿನ ಸರ, ಹಸಿರು ಕಲ್ಲಿನ ಬಳೆ, ಪಿಂಗಾಣಿ, ಚಹ, ಬೀಸಣಿಗೆ, ಬರೆಯುವ ಕುಂಚ. ಊರಿಗೆ ಹೊರಡುವ ಹಿಂದಿನ ದಿನ ಪ್ರಯಾಣಿಕನು ಅಲ್ಲಿ ನಿಂತು ತಾಯಿಗೇನು, ಅತ್ತಿಗೆಗೇನು, ಸೋದರಮಾವನಿಗೇನು ಎಂದು ಲೆಕ್ಕ ಹಾಕುತ್ತಾನೆ.

ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ನೀರನ್ನು ಸೋಸಿ ಕುಡಿಯುವ, ಸೂರ್ಯ ಮುಳುಗಿದ ಮೇಲೆ ಒಲೆ ಹಚ್ಚದ, ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಮಾಡುವ ಮನೆಯೊಳಕ್ಕೆ ಆ ಪೆಟ್ಟಿಗೆಯಲ್ಲಿ ಏನು ಬಂದು ಸೇರುತ್ತದೆ? ತಾನು ಉಡದ್ದನ್ನು, ತಾನು ಬಳಸದ್ದನ್ನು ಇನ್ನೊಬ್ಬರಿಗೆಂದು ಕೊಂಡರೆ ಅದು ವ್ರತದ ಲೆಕ್ಕಕ್ಕೆ ಬರುವುದೆ? ಕೊಡುವ ಪ್ರೀತಿಯು ಕೊಂಡ ವಸ್ತುವಿನ ದೋಷವನ್ನು ತೊಳೆಯಬಲ್ಲುದೆ? ಈ ಪ್ರಶ್ನೆಗಳನ್ನು ವಾಚಕರ ಮುಂದಿಟ್ಟು ಆಲೋಚಿಸುವುದು ಈ ಲೇಖನದ ಉದ್ದೇಶ.

ರೇಷ್ಮೆಯ ಸಂಗತಿ

ಚೀನಾ ದೇಶದ ಉಡುಗೊರೆಗಳಲ್ಲಿ ಮೊದಲ ಹೆಸರು ರೇಷ್ಮೆಯದು. ಇದು ನಮಗೆ ಹೊಸತೂ ಅಲ್ಲ. ಕಾಳಿದಾಸನ ಶಾಕುಂತಲದಲ್ಲಿ ಚೀನಾಂಶುಕದ ಮಾತು ಬಂದಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಚೀನಪಟ್ಟವನ್ನು ಹೆಸರಿಸಿದೆ. ಆ ದೇಶದ ಹೆಸರೇ ವಸ್ತ್ರದ ಹೆಸರಾಗುವಷ್ಟು ಹಳೆಯ ನಂಟು ಇದು. ಇಂದಿಗೂ ರೇಷ್ಮೆಯ ಉತ್ಪಾದನೆಯಲ್ಲಿ ಲೋಕದಲ್ಲಿ ಚೀನಾ ಮೊದಲನೆಯದು, ಭಾರತ ಎರಡನೆಯದು. ಭಾರತದಲ್ಲಿ ನಮ್ಮ ಕರ್ನಾಟಕವೇ ಮುಂದು. ಮೈಸೂರಿನ ರೇಷ್ಮೆ ನೇಯ್ಗೆಯ ಕಾರ್ಖಾನೆಯು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾಯಿತು. ರಾಮನಗರದ ಗೂಡಿನ ಮಾರುಕಟ್ಟೆ ಹೆಸರಾದದ್ದು. ಆದುದರಿಂದ ಇಲ್ಲಿ ಹೇಳುವುದನ್ನು ಪರದೇಶದವರ ಮೇಲಿನ ದೂರೆಂದು ಯಾರೂ ತಿಳಿಯಬಾರದು. ಸುಝೌ ಪೇಟೆಯಲ್ಲಿ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನೇ ಮೈಸೂರಿನ ಅಂಗಡಿಯಲ್ಲಿಯೂ ಕೇಳಿಕೊಳ್ಳಬೇಕು.

ಸಂಗತಿಯಾದರೋ ಸರಳವಾಗಿದೆ. ಹಿಪ್ಪುನೇರಳೆಯ ಸೊಪ್ಪನ್ನು ತಿಂದು ಬೆಳೆದ ಹುಳು ತನ್ನ ಸುತ್ತ ಒಂದೇ ಎಳೆಯ ಗೂಡನ್ನು ಕಟ್ಟಿಕೊಳ್ಳುತ್ತದೆ. ಆ ಎಳೆಯ ಉದ್ದ ನೂರಾರು ಮೀಟರು. ಒಳ್ಳೆಯ ಗೂಡಿನಲ್ಲಿ ಸಾವಿರ ಮೀಟರಿಗೂ ಹೆಚ್ಚು. ಒಳಗಿನ ಜೀವ ಪತಂಗವಾಗಿ ಹೊರಬಂದರೆ ಗೂಡು ತೂತಾಗಿ ಎಳೆ ಕಡಿದುಹೋಗುವುದು. ಆದುದರಿಂದ ಅದು ಹೊರಬರುವ ಮುನ್ನವೇ ಗೂಡನ್ನು ಬಿಸಿಗಾಳಿಗೋ ಹಬೆಗೋ ಒಡ್ಡಿ ಒಳಗಿರುವುದನ್ನು ಕೊಲ್ಲುತ್ತಾರೆ. ಆಮೇಲೆ ಬಿಸಿನೀರಿನಲ್ಲಿ ಗೂಡನ್ನು ಮೆದುಮಾಡಿ ನೂಲನ್ನು ಬಿಚ್ಚುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಐದಾರು ಸಾವಿರ ಗೂಡುಗಳು ಬೇಕಾಗುವುವು. ಅರ್ಧ ಕಿಲೋ ತೂಕದ ಒಂದು ಸೀರೆಯೆಂದರೆ ಎರಡು ಮೂರು ಸಾವಿರ ಜೀವಗಳೆಂದಾಯಿತು. ಇವು ತ್ರಸಜೀವಗಳು, ಗೃಹಸ್ಥನ ಅಣುವ್ರತವು ಕೂಡ ರಕ್ಷಿಸಬೇಕೆಂದು ಹೇಳುವ ವರ್ಗಕ್ಕೆ ಸೇರಿದವು.

ಮುತ್ತಿನ ಕಥೆಯೂ ಬೇರೆಯಲ್ಲ. ಹಿಂದೆ ಕಡಲಾಳದಿಂದ ತೆಗೆಯುತ್ತಿದ್ದ ಮುತ್ತನ್ನು ಈಗ ಕೆರೆಗಳಲ್ಲಿ ಬೆಳೆಯುತ್ತಾರೆ. ಚೀನಾದ ಝೆಜಿಯಾಂಗ್ ಪ್ರಾಂತದ ಝೂಜಿ ಇದಕ್ಕೆ ಪ್ರಸಿದ್ಧವಾದ ಊರು. ಒಂದು ಚಿಪ್ಪಿನ ಜೀವವನ್ನು ಕೊಂದು ಅದರ ಪೊರೆಯ ಚೂರುಗಳನ್ನು ಇನ್ನೊಂದು ಜೀವಂತ ಚಿಪ್ಪಿಯ ಒಳಗೆ ಇರಿಸುತ್ತಾರೆ; ಕೆಲವು ವರ್ಷಗಳ ಮೇಲೆ ಅದನ್ನೂ ತೆರೆದು ಮುತ್ತುಗಳನ್ನು ತೆಗೆಯುತ್ತಾರೆ. ಬೆಳೆಸಿದ ಮುತ್ತಾದ್ದರಿಂದ ಹಿಂಸೆಯಿಲ್ಲವೆಂಬ ಅಂಗಡಿಯ ಮಾತು ನಿಲ್ಲತಕ್ಕದ್ದಲ್ಲ.

ಅನರ್ಥದಂಡವೆಂಬ ಅಳತೆ

ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕೆಂದೂ ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕೆಂದೂ ವಿಧಿಸಿರುವರು. ಅಡಿಗೆ ಮಾಡುವವನಿಗೂ ಹೊಲ ಉಳುವವನಿಗೂ ತಪ್ಪಿಸಲಾಗದ ಹಿಂಸೆಯುಂಟು. ಅದನ್ನು ಕಂಡೇ ಗೃಹಸ್ಥನ ವ್ರತಕ್ಕೆ ಅಣುವ್ರತವೆಂದು ಹೆಸರಾಯಿತು. ಆದರೆ ಅದೇ ಗೃಹಸ್ಥನಿಗೆ ಅನರ್ಥದಂಡವಿರತಿ ಎಂಬ ಇನ್ನೊಂದು ವ್ರತವನ್ನೂ ಹೇಳಿದೆ. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದು ಅದರ ಹುರುಳು.

ಉಡುಗೊರೆಯನ್ನು ಈ ಅಳತೆಗೋಲಿನಿಂದ ಅಳೆದು ನೋಡೋಣ. ಚಳಿಗೆ ಹೊದಿಕೆ ಬೇಕಾದವನು ಹೊದಿಕೆಯನ್ನು ಕೊಳ್ಳುತ್ತಾನೆ; ಅದರಲ್ಲಿ ದೋಷವಿದ್ದರೂ ಅಗತ್ಯವೂ ಇದೆ. ದೂರದ ಪೇಟೆಯ ನೆನಪಿನ ವಸ್ತುವು ಯಾರ ಅಗತ್ಯಕ್ಕಾಗಿಯೂ ಕೊಂಡದ್ದಲ್ಲ. ಅದನ್ನು ಪಡೆಯುವವರ ಕಪಾಟಿನಲ್ಲಿ ಆಗಲೇ ಹತ್ತು ಸೀರೆಗಳಿರುವುವು. ಆದುದರಿಂದ ಸ್ವಂತಕ್ಕೆ ಕೊಂಡದ್ದಕ್ಕಿಂತ ಉಡುಗೊರೆಗೆ ಕೊಂಡದ್ದರಲ್ಲಿ ಹಿಂಸೆಯ ಲೆಕ್ಕ ಸಡಿಲವಾಗಬೇಕೆಂದು ನಾವು ಸಾಮಾನ್ಯವಾಗಿ ತಿಳಿಯುವುದು ತಲೆಕೆಳಗಾದ ತಿಳಿವಳಿಕೆ; ಅದು ಇನ್ನೂ ಬಿಗಿಯಾಗಬೇಕು. ಅಗತ್ಯದ ನೆಪವೂ ಇಲ್ಲದೆಡೆ ಹಿಂಸೆಗೆ ಆಸರೆಯಾಗಿ ನಿಲ್ಲುವುದು ಪ್ರೀತಿಯೊಂದೇ. ಪ್ರೀತಿಗೆ ಸಾವಿರ ಜೀವಗಳ ಸಾವೇ ಬೇಕೆಂಬ ನಿಯಮವಿಲ್ಲ.

ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವೆಂಬುದೂ ಒಂದು. ಕತ್ತಿ, ವಿಷ, ಬೆಂಕಿ ಮುಂತಾದ ಹಿಂಸೆಯ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದು ಅದರ ಅರ್ಥ. ಗೋಡೆಗೆ ನೇತುಹಾಕಲೆಂದು ಕೊಳ್ಳುವ ಅಲಂಕಾರದ ಖಡ್ಗವನ್ನೂ ಮಕ್ಕಳಿಗೆಂದು ಕೊಳ್ಳುವ ಆಟದ ಕೋವಿಯನ್ನೂ ಈ ಬೆಳಕಿನಲ್ಲಿ ನೋಡುವುದು ಯೋಗ್ಯ. ಕೊಡುವ ಕ್ರಿಯೆಯು ತನ್ನಷ್ಟಕ್ಕೆ ಪುಣ್ಯವಲ್ಲ, ಏನನ್ನು ಕೊಟ್ಟೆ ಎಂಬುದೂ ಎಣಿಕೆಗೆ ಬರುತ್ತದೆ ಎಂಬುದನ್ನು ಈ ಒಂದು ಶಬ್ದವೇ ಸಾರುತ್ತದೆ. ತತ್ತ್ವಾರ್ಥಸೂತ್ರವು ದಾನದ ವಿಶೇಷವನ್ನು ವಿಧಿ, ದ್ರವ್ಯ, ದಾತೃ, ಪಾತ್ರಗಳೆಂಬ ನಾಲ್ಕರ ಮೇಲೆ ನಿಲ್ಲಿಸಿದೆ. ನೆಂಟರಿಗೆ ಕೊಡುವ ಉಡುಗೊರೆಯು ಶಾಸ್ತ್ರೋಕ್ತವಾದ ದಾನವಲ್ಲ, ನಿಜ; ಆದರೆ ದ್ರವ್ಯಶುದ್ಧಿಯ ಮಾತು ಅದಕ್ಕೂ ಸಲ್ಲುತ್ತದೆ.

ಇಲ್ಲಿ ಕೆಲವರು ಹೇಳುವ ಆಕ್ಷೇಪವೊಂದುಂಟು. ಅಂಗಡಿಯಲ್ಲಿರುವ ವಸ್ತ್ರದ ಹುಳು ಎಂದೋ ಸತ್ತಿದೆ. ನಾನು ಕೊಳ್ಳದಿದ್ದರೆ ಅದು ಬದುಕಿಬರುವುದೆ? ಬದುಕಿಬರುವುದಿಲ್ಲ. ಆದರೆ ಮಾರಾಟವಾದ ವಸ್ತುವಿನ ಜಾಗದಲ್ಲಿ ಅಂಗಡಿಯವನು ಇನ್ನೊಂದನ್ನು ತಂದಿಡುವನು. ನಾವು ಹಣ ಕೊಡುವುದು ಸತ್ತ ಹುಳುವಿನ ಹೆಸರಿನಲ್ಲಿ; ಆ ಹಣ ಹೋಗಿ ತಲಪುವುದು ಮುಂದಿನ ಗೂಡಿನ ಹಬೆಗೆ. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನು ಆಚಾರ್ಯರು ಒಟ್ಟಿಗೆ ಹೇಳಿದ್ದು ಇದಕ್ಕಾಗಿಯೇ. ಹಳೆಯ ದಂತದ ಕೆತ್ತನೆಯ ವಿಷಯದಲ್ಲಿ ಲೋಕದ ಸರಕಾರಗಳೂ ಕೊನೆಗೆ ಇದೇ ನಿರ್ಣಯಕ್ಕೆ ಬಂದವು. ಭಾರತದ ಆನೆಯ ದಂತದ ವ್ಯಾಪಾರವನ್ನು ನಮ್ಮ ದೇಶವು 1986ರಲ್ಲಿಯೂ ಆಫ್ರಿಕದ ದಂತವನ್ನು 1991ರಲ್ಲಿಯೂ ನಿಷೇಧಿಸಿತು. ಚೀನಾವು ತನ್ನೊಳಗಿನ ದಂತವ್ಯಾಪಾರವನ್ನು 2017ರ ಕೊನೆಗೆ ನಿಲ್ಲಿಸಿತು. ಮೈಸೂರಿನ ಬೀಟೆಮರದ ಕೆತ್ತನೆಯಲ್ಲಿ ಹಿಂದೆ ದಂತವನ್ನು ಕೂರಿಸುತ್ತಿದ್ದರು. ಅದು ನಿಂತ ಮೇಲೆ ಬೇರೆ ಬಣ್ಣದ ಮರಗಳನ್ನೂ ಪ್ಲಾಸ್ಟಿಕ್ಕನ್ನೂ ಬಳಸಿ ಆ ಕಸಬು ಮುಂದುವರಿದಿದೆ. ಹಿಂಸೆಯನ್ನು ಬಿಟ್ಟರೆ ಕಲೆ ಸಾಯುತ್ತದೆಂಬ ಭಯಕ್ಕೆ ಇದೊಂದು ಉತ್ತರ.

ಹಿಟ್ಟಿನ ಕೋಳಿ ಮತ್ತು ಕೃತಕ ರೇಷ್ಮೆ

ಈಗ ಇನ್ನೂ ಸೂಕ್ಷ್ಮವಾದ ಪ್ರಶ್ನೆಗೆ ಬರೋಣ. ಪ್ರವಾಸಿಗಳ ಪೇಟೆಯಲ್ಲಿ ರೇಷ್ಮೆಯೆಂದು ಮಾರುವುದೆಲ್ಲ ರೇಷ್ಮೆಯಲ್ಲ. ಮರದ ತಿರುಳಿನಿಂದ ಮಾಡಿದ ರೇಯಾನ್, ಎಣ್ಣೆಯ ಮೂಲದ ಪಾಲಿಯೆಸ್ಟರ್ ಇವನ್ನು ರೇಷ್ಮೆಯ ಹೆಸರಿನಲ್ಲಿ ಮಾರುವುದು ಎಲ್ಲ ದೇಶಗಳಲ್ಲಿಯೂ ಇದೆ. ಒಂದು ಎಳೆಯನ್ನು ಸುಟ್ಟು ನೋಡಿದರೆ ರೇಷ್ಮೆಯು ಕೂದಲು ಸುಟ್ಟಂತೆಯೂ ರೇಯಾನ್ ಕಾಗದ ಸುಟ್ಟಂತೆಯೂ ನಾರುವುದೆಂದು ಜವಳಿ ವ್ಯಾಪಾರಿಗಳು ಬಲ್ಲರು. ಒಬ್ಬ ಶ್ರಾವಕನು ಅಪ್ಪಟ ರೇಷ್ಮೆಯೇ ಬೇಕೆಂದು ಆರಿಸಿ, ಹೆಚ್ಚು ಬೆಲೆ ತೆತ್ತು, ರೇಯಾನನ್ನು ತಂದನೆನ್ನಿ. ಹುಳು ಸಾಯಲಿಲ್ಲ, ಅವನಿಗೆ ದೋಷವುಂಟೆ? ಮತ್ತೊಬ್ಬನು ರೇಷ್ಮೆ ಬೇಡವೆಂದು ವಿಚಾರಿಸಿಯೇ ಕೊಂಡನು. ಮಾರುವವನ ಮೋಸದಿಂದಲೋ ತಪ್ಪಿನಿಂದಲೋ ಅವನಿಗೆ ರೇಷ್ಮೆಯೇ ಬಂತು. ಇವನಿಗೆ ದೋಷವೆಷ್ಟು?

ಇದಕ್ಕೆ ಉತ್ತರವನ್ನು ನಮ್ಮ ಶ್ರಾವಿಕೆಯರು ಜೀವದಯಾಷ್ಟಮಿಯ ನೋಂಪಿಯಲ್ಲಿ ಕೇಳಿಯೇ ಇರುವರು. 1209ರಲ್ಲಿ ಜನ್ನಕವಿ ಕನ್ನಡದಲ್ಲಿ ಹೇಳಿದ ಯಶೋಧರನ ಚರಿತೆಯಲ್ಲಿ ಅರಸನು ಜೀವಂತ ಪ್ರಾಣಿಯನ್ನು ಬಲಿಕೊಡಲು ಒಪ್ಪಲಿಲ್ಲ. ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಮಾರಿಯ ಮುಂದೆ ಕಡಿದನು. ಸತ್ತದ್ದು ಹಿಟ್ಟು. ಆದರೂ ಸಂಕಲ್ಪವು ಕೊಲ್ಲುವ ಸಂಕಲ್ಪವಾದುದರಿಂದ ತಾಯಿಯೂ ಮಗನೂ ಹಲವು ಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೊಂದರು. ಪ್ರಮಾದದ ಭಾವದಿಂದ ಪ್ರಾಣಕ್ಕೆ ಕೇಡನ್ನೆಸಗುವುದೇ ಹಿಂಸೆ ಎಂಬ ಸಿದ್ಧಾಂತಕ್ಕೆ ಈ ಕಥೆಗಿಂತ ಸ್ಪಷ್ಟವಾದ ಉದಾಹರಣೆ ದುರ್ಲಭ. ಅಪ್ಪಟ ರೇಷ್ಮೆಯೇ ಬೇಕೆಂದು ಹಟಹಿಡಿದು ರೇಯಾನ್ ತಂದವನ ಕೈಯಲ್ಲಿರುವುದು ಹಿಟ್ಟಿನ ಕೋಳಿ. ಎಚ್ಚರದಿಂದ ವಿಚಾರಿಸಿಯೂ ಮೋಸಹೋದವನ ಭಾವವು ನಿರ್ಮಲ. ಸಂಗತಿ ತಿಳಿದ ಮೇಲೆ ಅವನು ಏನು ಮಾಡುವನೆಂಬುದರ ಮೇಲೆ ಉಳಿದದ್ದು ನಿಂತಿದೆ.

ಹಾಗಾದರೆ ಕೃತಕ ರೇಷ್ಮೆಯನ್ನು ತಿಳಿದೇ ಉಡುವವಳು ಕೂಡ ಹಿಟ್ಟಿನ ಕೋಳಿಯನ್ನು ಕಡಿದಂತಾಯಿತೆ? ರೇಷ್ಮೆಯ ಹೊಳಪು ಬೇಕು, ಹುಳುವಿನ ಸಾವು ಬೇಡ ಎಂಬುದು ಯಶೋಧರನ ರಾಜಿಯಂತೆಯೇ ಕಾಣುವುದಲ್ಲವೆ? ಮೇಲುನೋಟಕ್ಕೆ ಹಾಗೆ ಕಂಡರೂ ಇವೆರಡೂ ಒಂದಲ್ಲ. ಯಶೋಧರನು ಕೋಳಿಯ ಆಕಾರವನ್ನು ಉಳಿಸಿಕೊಂಡದ್ದು ಕೊಲ್ಲುವ ಕ್ರಿಯೆ ನಡೆಯಲೆಂದು. ವ್ರತಿಯು ರೇಷ್ಮೆಯ ಆಕಾರವನ್ನು ಉಳಿಸಿಕೊಳ್ಳುವುದು ಕೊಲ್ಲುವ ಕ್ರಿಯೆ ನಡೆಯದಿರಲೆಂದು. ಅವಳ ಮನಸ್ಸಿನಲ್ಲಿ ಅಲಂಕಾರದ ಆಸೆ ಉಳಿದಿರಬಹುದು. ಅದು ಭೋಗೋಪಭೋಗದ ಮಿತಿಯ ಪ್ರಶ್ನೆ. ಅದನ್ನು ಹಿಂಸೆಯ ಪ್ರಶ್ನೆಯೊಂದಿಗೆ ಬೆರೆಸಬಾರದು. ಒಂದು ದೋಷವನ್ನು ಬಿಟ್ಟವಳಿಗೆ ಇನ್ನೊಂದು ಉಳಿಯಿತಲ್ಲ ಎಂದು ಮೂದಲಿಸುವುದು ವ್ರತಮಾರ್ಗಕ್ಕೆ ಸಹಾಯವಲ್ಲ.

ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಮಡಿಗೆ ಪಟ್ಟೆಯೇ ಬೇಕೆಂಬ ರೂಢಿ ನಮ್ಮಲ್ಲಿಯೂ ಹಲವು ಮನೆಗಳಲ್ಲಿದೆ. ನೋಂಪಿಯ ಉದ್ಯಾಪನೆಯ ದಿನ, ಉಪವಾಸದ ಕೊನೆಯಲ್ಲಿ, ಶ್ರಾವಿಕೆಯರಿಗೆ ಬಾಗಿನದೊಂದಿಗೆ ರೇಷ್ಮೆಯ ವಸ್ತ್ರವನ್ನು ಕೊಡುವುದು ಗೌರವವೆಂದು ಎಣಿಸುವವರುಂಟು. ದೂರದ ದೇಶದ ರೇಷ್ಮೆಯಾದರೆ ಇನ್ನೂ ಹೆಚ್ಚಿನ ಗೌರವ. ಜೀವದಯೆಯ ಕಥೆಯನ್ನು ಕೇಳಿ ಎದ್ದವರ ಕೈಗೆ ಆ ವಸ್ತ್ರವನ್ನು ಕೊಟ್ಟರೆ ಕೇಳಿದ ಕಥೆಗೂ ಕೊಟ್ಟ ವಸ್ತುವಿಗೂ ಏನು ಹೊಂದಿಕೆ? ತೊಳೆದು ಒಣಗಿಸಿದ ಹತ್ತಿಯ ಬಟ್ಟೆಗೆ ಇಲ್ಲದ ಶುದ್ಧಿಯು ಪ್ರಾಣಿಜನ್ಯವಾದ ಎಳೆಗೆ ಎಲ್ಲಿಂದ ಬಂತು ಎಂದು ಹಿರಿಯರೊಡನೆ ಕುಳಿತು ವಿನಯದಿಂದ ಆಲೋಚಿಸುವುದು ಯೋಗ್ಯ.

ಕುಮಾರಪಟ್ಟಣದ ಪಾಠ

ಹುಳು ಸಾಯದ ಎಳೆಯನ್ನು ಕೊಂಡೊಡನೆ ಎಲ್ಲವೂ ಶುದ್ಧವಾಯಿತೆಂದು ತಿಳಿಯುವವರು ಚೀನಾಕ್ಕೆ ಹೋಗಬೇಕಾಗಿಲ್ಲ; ಹರಿಹರದ ಸೇತುವೆಯನ್ನು ದಾಟಿ ಕುಮಾರಪಟ್ಟಣಕ್ಕೆ ಬಂದರೆ ಸಾಕು. ಮರದಿಂದ ಎಳೆಯನ್ನು ತೆಗೆಯುವ ಈ ವಿದ್ಯೆಯನ್ನು 1892ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದರು. ಮರದ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿಯೂ ಕಾರ್ಬನ್ ಡೈಸಲ್ಫೈಡಿನಲ್ಲಿಯೂ ಹದಗೊಳಿಸಿ, ಜೇನಿನಂತಹ ದ್ರವ ಮಾಡಿ, ಸಣ್ಣ ರಂಧ್ರಗಳಿಂದ ಆಮ್ಲದೊಳಕ್ಕೆ ಹಾಯಿಸಿದಾಗ ಅದು ಎಳೆಯಾಗುತ್ತದೆ. ಉದ್ದ ಎಳೆಯಾಗಿಯೇ ಸುತ್ತಿದರೆ ಕೃತಕ ರೇಷ್ಮೆ. ತುಂಡು ಮಾಡಿದರೆ ಹತ್ತಿಯಂತೆ ನೂಲುವ ನಾರು. ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಸ್ಥಾಪಿತವಾದ ಕಾರ್ಖಾನೆಗಳು ನೀಲಗಿರಿ ಮೊದಲಾದ ಮರಗಳ ತಿರುಳನ್ನೂ ಈ ತುಂಡು ನಾರನ್ನೂ ತಯಾರಿಸುತ್ತ ಬಂದವು. ಸಾವಿರಾರು ಸಂಸಾರಗಳಿಗೆ ಅನ್ನವಾಯಿತು.

ಅದರೊಡನೆ ಬೇರೆ ಸಂಗತಿಗಳೂ ನಡೆದವು. 1980ರ ದಶಕದಲ್ಲಿ ಕೆಳದಂಡೆಯ ಹಳ್ಳಿಗಳವರು ಕಾರ್ಖಾನೆಯ ನೀರು ಹೊಳೆಗೆ ಸೇರಿ ಮೀನುಗಳು ಸಾಯುತ್ತಿವೆಯೆಂದು ದೂರಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯದಂತಹ ಸಂಸ್ಥೆಗಳು ಚಳವಳಿಯನ್ನು ಕಟ್ಟಿದವು. ತಿರುಳಿಗೆ ಬೇಕಾದ ಮರಕ್ಕಾಗಿ ಸರಕಾರವೂ ಕಾರ್ಖಾನೆಯೂ ಕೂಡಿ 1984ರಲ್ಲಿ ಒಂದು ಸಂಸ್ಥೆಯನ್ನು ಮಾಡಿ, ಹಳ್ಳಿಗರು ದನ ಮೇಯಿಸುತ್ತಿದ್ದ ಸಾಮೂಹಿಕ ಭೂಮಿಯಲ್ಲಿ ನೀಲಗಿರಿಯನ್ನು ನೆಡಹೊರಟಾಗ, ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನರು ಸೇರಿ ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ಸತ್ಯಾಗ್ರಹದ ಹೆಸರಿನಲ್ಲಿ ನಡೆದ ಆ ಕಾರ್ಯವು ನಾಡಿನ ಗಮನವನ್ನು ಸೆಳೆಯಿತು.

ಇದರಿಂದ ತಿಳಿಯತಕ್ಕದ್ದೇನು? ಹುಳುವಿನ ಎಳೆಯನ್ನು ಬಿಟ್ಟು ಮರದ ಎಳೆಯನ್ನು ಹಿಡಿದರೂ ಲೆಕ್ಕ ಮುಗಿಯುವುದಿಲ್ಲ. ಮರಕ್ಕೆ ನೆಲ ಬೇಕು, ತಿರುಳಿಗೆ ಆಮ್ಲ ಬೇಕು, ಆಮ್ಲ ತೊಳೆದ ನೀರಿಗೆ ಒಂದು ಹೊಳೆ ಬೇಕು. ಹೊಳೆಯಲ್ಲಿ ಜೀವಗಳಿವೆ. ಹತ್ತಿಯ ಹೊಲಕ್ಕೂ ಔಷಧ ಹೊಡೆಯುತ್ತಾರೆ. ನಮ್ಮ ನಾಡಿನ ಹೆಮ್ಮೆಯ ಚನ್ನಪಟ್ಟಣದ ಬೊಂಬೆಯ ಬಣ್ಣವು ಅರಗಿನದು. ಅರಗು ಕೀಟದಿಂದ ಬಂದದ್ದು. ಅರಗಿನ ವ್ಯಾಪಾರವನ್ನು ಶ್ರಾವಕಾಚಾರದ ಗ್ರಂಥಗಳು ಬಿಡತಕ್ಕ ವ್ಯಾಪಾರಗಳಲ್ಲಿ ಎಣಿಸಿವೆ. ದೇಶೀಯವಾದ ಮಾತ್ರಕ್ಕೆ ವಸ್ತುವು ನಿರ್ದೋಷವಾಗದು.

ಇಲ್ಲಿಗೆ ಬಂದವರಲ್ಲಿ ಕೆಲವರು ಕೈಚೆಲ್ಲುತ್ತಾರೆ. ಎಲ್ಲದರಲ್ಲಿಯೂ ಹಿಂಸೆಯಿದ್ದ ಮೇಲೆ ಆರಿಸುವುದೇಕೆ, ರೇಷ್ಮೆಯನ್ನೇ ಕೊಂಡರಾಯಿತು ಎನ್ನುತ್ತಾರೆ. ಈ ವಾದವು ನಿಂತರೆ ನೀರು ಸೋಸುವ ಬಟ್ಟೆಯನ್ನೂ ಬಿಸಾಡಬೇಕಾದೀತು. ಸೋಸಿದ ನೀರಿನಲ್ಲಿಯೂ ಬಟ್ಟೆಗೆ ಸಿಕ್ಕದ ಸೂಕ್ಷ್ಮಜೀವಿಗಳು ಇರುವುವಲ್ಲ. ಆದರೂ ನಾವು ಸೋಸುತ್ತೇವೆ. ಉಳಿಸಬಹುದಾದ ಜೀವವನ್ನು ಉಳಿಸುವುದು, ಉಳಿಸಲಾಗದ್ದಕ್ಕೆ ಮನಸ್ಸನ್ನು ಕಲ್ಲಾಗಿಸದಿರುವುದು, ಇವೆರಡೂ ಕೂಡಿದರೆ ಸೋಸುವುದು ವ್ರತವಾಗುತ್ತದೆ. ಪೂರ್ಣಶುದ್ಧಿಯು ಗೃಹಸ್ಥನಿಗೆ ದೊರೆಯದೆಂಬುದನ್ನು ಬಲ್ಲವರೇ ಅವನಿಗೆ ಪರಿಮಾಣದ ವ್ರತಗಳನ್ನು ಕೊಟ್ಟರು: ದಿಕ್ಕಿಗೆ ಮಿತಿ, ದೇಶಕ್ಕೆ ಮಿತಿ, ಭೋಗಕ್ಕೆ ಮಿತಿ, ಪರಿಗ್ರಹಕ್ಕೆ ಮಿತಿ. ಕುಮಾರಪಟ್ಟಣದ ಪಾಠವು ಇದೇ. ವಸ್ತುವನ್ನು ಬದಲಾಯಿಸಿದರೆ ಅರ್ಧ ಕೆಲಸವಾಯಿತು. ಸಂಖ್ಯೆಯನ್ನು ಇಳಿಸಿದರೆ ಉಳಿದರ್ಧ. ಹತ್ತು ಜನರಿಗೆ ಹತ್ತು ನಿರ್ದೋಷ ವಸ್ತುಗಳನ್ನು ತರುವವನಿಗಿಂತ ಹತ್ತು ಜನರೂ ಕುಳಿತು ಸವಿಯುವ ಒಂದನ್ನು ತರುವವನು ಮೇಲು.

ದಿಗ್ವ್ರತವನ್ನು ತೊಟ್ಟವನು ತನ್ನ ಗಡಿಯಾಚೆಯ ಜೀವಗಳ ಪಾಲಿಗೆ ಮಹಾವ್ರತಿಯಂತಾಗುತ್ತಾನೆಂದು ಆಚಾರ್ಯರು ಹೇಳಿರುವರು. ಕಾರ್ಯಾರ್ಥವಾಗಿ ದೂರ ಹೋಗಲೇಬೇಕಾದವನು ಕಾಲಿಗೆ ಗಡಿ ಹಾಕಲಾರನು, ಪೆಟ್ಟಿಗೆಗಾದರೂ ಹಾಕಬಲ್ಲನು.

ಅಚೌರ್ಯದ ಅತಿಚಾರಗಳು

ಪೇಟೆಯಲ್ಲಿ ಕಾಯಬೇಕಾದ್ದು ಅಹಿಂಸೆಯೊಂದೇ ಅಲ್ಲ. ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳನ್ನು ಓದಿದರೆ ಅವನ್ನು ಇಂದಿನ ಪ್ರವಾಸಿಗಾಗಿಯೇ ಬರೆದಂತೆ ತೋರುವುದು. ಪ್ರತಿರೂಪಕ ವ್ಯವಹಾರವೆಂದರೆ ನಿಜದ ಜಾಗದಲ್ಲಿ ನಕಲನ್ನು ನಡೆಸುವುದು: ಹೆಸರಾದ ಕಂಪನಿಯ ಮುದ್ರೆಯೊತ್ತಿದ ನಕಲಿ ಗಡಿಯಾರ, ನಕಲಿ ಕೈಚೀಲ. ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಊರಿನಲ್ಲಿ ಪಡೆಯುವವರಿಗೆ ಮಾತ್ರ ಗೊತ್ತಿಲ್ಲ. ಉಡುಗೊರೆಯ ಜೊತೆಗೆ ಒಂದು ಸುಳ್ಳನ್ನೂ ಕೊಟ್ಟಂತಾಯಿತು. ವಿರುದ್ಧ ರಾಜ್ಯಾತಿಕ್ರಮವೆಂದರೆ ರಾಜ್ಯದ ಕಟ್ಟಳೆಯನ್ನು ಮೀರುವುದು: ಸುಂಕವನ್ನು ತಪ್ಪಿಸುವುದು ಇದರಲ್ಲಿ ಸೇರುತ್ತದೆ. ಕದ್ದದ್ದನ್ನು ಪಡೆಯುವುದೂ ಒಂದು ಅತಿಚಾರ. ಹಳೆಯ ವಿಗ್ರಹ, ಹಳೆಯ ಪಾತ್ರೆಗಳ ವ್ಯಾಪಾರದಲ್ಲಿ ಇದರ ಭಯ ಹೆಚ್ಚು. 1911ಕ್ಕೆ ಹಿಂದಿನ ಕಲಾವಸ್ತುಗಳನ್ನು ಸಾಮಾನ್ಯವಾಗಿ ಹೊರಕ್ಕೆ ಒಯ್ಯಲು ಚೀನಾದ ಕಾನೂನು ಬಿಡುವುದಿಲ್ಲ. ನಮ್ಮ ಬಸದಿಗಳಿಂದ ಕಳುವಾದ ಬಿಂಬಗಳಿಗಾಗಿ ಮರುಗುವ ನಾವು ಇನ್ನೊಬ್ಬರ ಗುಡಿಯ ವಸ್ತುವನ್ನು ಅಲಂಕಾರಕ್ಕೆಂದು ತರಬಹುದೆ?

ನೆನಪಿನ ವಸ್ತುವಿನ ಮೇಲಿನ ಮೋಹವನ್ನು ಕುರಿತು ಒಂದು ಮಾತು. ಪರಿಗ್ರಹದ ಲಕ್ಷಣವು ಮೂರ್ಛೆ, ಅಂದರೆ ನನ್ನದೆಂಬ ಅಂಟು. ಕಳೆದುಹೋದ ದಿನವನ್ನು ಗಾಜಿನ ಕಪಾಟಿನಲ್ಲಿ ಇರಿಸಿಕೊಳ್ಳುವ ಆಸೆಯೇ ಪ್ರವಾಸದ ಸಾಮಾನುಗಳ ಹಿಂದಿನ ಬಲ. ಅದು ಧೂಳು ತಿನ್ನುತ್ತ ಕೂರುತ್ತದೆ. ಧೂಳು ಒರೆಸುವಾಗ ಸಾಯುವ ಜೀವಗಳೂ ಅದರ ಲೆಕ್ಕಕ್ಕೇ. ತಿಂದು ಮುಗಿಯುವ, ಬರೆದು ಮುಗಿಯುವ, ಬಳಸಿ ಸವೆಯುವ ವಸ್ತುವಿನಲ್ಲಿ ಈ ಅಂಟು ಕಡಿಮೆ.

ಏನನ್ನು ತರಬಹುದು

ಬೇಡಗಳನ್ನು ಹೇಳಿ ಬೇಕುಗಳನ್ನು ಹೇಳದಿದ್ದರೆ ಲೇಖನವು ಅಪೂರ್ಣವಾದೀತು. ಚೀನಾದ ಪೇಟೆಯಲ್ಲಿಯೂ ವ್ರತಿಯ ಮನೆಗೆ ಸಲ್ಲುವ ವಸ್ತುಗಳು ಧಾರಾಳವಾಗಿವೆ. ಹಾಂಗ್‌ಝೌ ಸುತ್ತಣ ಗುಡ್ಡಗಳ ಲೊಂಗ್‌ಜಿಂಗ್ ಚಹ ಲೋಕಪ್ರಸಿದ್ಧ. ಜಿಂಗ್‌ದೆಝೆನ್ ಊರಿನ ಪಿಂಗಾಣಿ ಬಿಳಿಯ ಮಣ್ಣಿನದು. ಆದರೆ ಬೋನ್ ಚೈನಾ ಎಂಬ ಹೆಸರಿನದರಲ್ಲಿ ಸುಟ್ಟ ಎಲುಬಿನ ಬೂದಿ ಸೇರಿರುತ್ತದೆ. ಅದು 18ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪದ್ಧತಿ. ಇಂದು ಎಲ್ಲ ಕಡೆ ತಯಾರಾಗುವುದರಿಂದ ವಿಚಾರಿಸಿಯೇ ಕೊಳ್ಳಬೇಕು. ಯಿಶಿಂಗ್ ಊರಿನ ಕೆಂಗಂದು ಮಣ್ಣಿನ ಚಹದ ಪಾತ್ರೆ, ಬಿದಿರಿನ ಸಾಮಾನು, ಕಾಗದವನ್ನು ಕತ್ತರಿಸಿ ಮಾಡಿದ ಚಿತ್ರ, ಆನ್‌ಹುಯಿ ಪ್ರಾಂತದ ಕೈಕಾಗದ, ಹೆಸರು ಕೆತ್ತಿಸಿದ ಕಲ್ಲಿನ ಮುದ್ರೆ ಇವೂ ಯೋಗ್ಯ. ಬರೆಯುವ ಕುಂಚಕ್ಕೆ ಮೇಕೆಯ ಮತ್ತು ಮುಂಗುಸಿಯಂತಹ ಕಾಡುಪ್ರಾಣಿಯ ಬಾಲದ ಕೂದಲನ್ನು ಬಳಸುತ್ತಾರೆ. ಮಸಿಯ ಕಡ್ಡಿಯಲ್ಲಿ ಪ್ರಾ‌ಣಿಜನ್ಯವಾದ ಅಂಟು ಇರುತ್ತದೆ. ಇವನ್ನು ತಿಳಿದು ಬಿಡುವುದು ಕ್ಷೇಮ.

ಹೋಗುವಾಗ ಒಯ್ಯುವ ಉಡುಗೊರೆಯೂ ಉಂಟಲ್ಲ. ಹಾವೇರಿಯ ಏಲಕ್ಕಿಯ ಮಾಲೆಗಿಂತ ನಮ್ಮ ಸೀಮೆಯ ಹೆಸರನ್ನು ಚೆನ್ನಾಗಿ ಹೇಳುವ ವಸ್ತು ಇನ್ನೊಂದಿಲ್ಲ. ಮಲೆನಾಡಿನ ಏಲಕ್ಕಿಯು ಹಾವೇರಿಯ ಪೇಟೆಗೆ ಬರುತ್ತಿದ್ದ ಕಾಲದಿಂದ ಬೆಳೆದುಬಂದ ಈ ಕಸಬಿನಲ್ಲಿ ಕಾಯಿಗಳನ್ನು ಆರಿಸಿ ಪೋಣಿಸಿ ಹಾರ ಮಾಡುತ್ತಾರೆ. ಸಭೆಗಳಲ್ಲಿ ಗಣ್ಯರಿಗೆ ಅರ್ಪಿಸುತ್ತಾರೆ. ಕಟ್ಟುವ ಎಳೆ ಹತ್ತಿಯದಾಗಿರಲೆಂದು ಹೇಳಿ ಮಾಡಿಸಿದರೆ ವ್ರತಿಗೆ ಅಡ್ಡಿಯಿಲ್ಲ. ಕೊನೆಗೆ ಬಿಚ್ಚಿ ಪಾಯಸಕ್ಕೆ ಹಾಕಬಹುದಾದ ಹಾರವಿದು.

ಉಳಿದಿರುವುದು ಹಿರಿಯರ ಮನಸ್ಸು ನೋಯುವುದೆಂಬ ಆಕ್ಷೇಪ. ಅತ್ತೆಯವರು ರೇಷ್ಮೆಯನ್ನೇ ಬಯಸಿ ಕಾದಿರುವಾಗ ಚಹದ ಪೊಟ್ಟಣವನ್ನು ಕೊಟ್ಟರೆ ಅವರ ಮನಸ್ಸು ನೋಯದೆ? ನೋಯಬಹುದು, ಮನಸ್ಸನ್ನು ನೋಯಿಸುವುದೂ ಸಣ್ಣ ಮಾತಲ್ಲ. ಆದರೆ ಯಶೋಧರನು ಹಿಟ್ಟಿನ ಕೋಳಿಯನ್ನು ಕಡಿದದ್ದು ತಾಯಿಯ ಮನಸ್ಸು ನೋಯದಿರಲೆಂದೇ ಎಂಬುದನ್ನು ನೆನೆಯಬೇಕು. ಹೊರಡುವ ಮುನ್ನವೇ ಮನೆಯಲ್ಲಿ ಹೇಳಿ ಹೋದರೆ ಮುಕ್ಕಾಲು ನೋವು ಹುಟ್ಟುವುದೇ ಇಲ್ಲ. ಇನ್ನು ವ್ರತವಿಲ್ಲದ ಅನ್ಯಮತೀಯ ಮಿತ್ರನಿಗೆ ರೇಷ್ಮೆ ಕೊಡಬಹುದೆ ಎಂದರೆ, ಅವನಿಗೆ ವ್ರತವಿಲ್ಲದಿದ್ದರೂ ಕೊಳ್ಳುವವನಿಗೆ ಇದೆ. ಕೊಳ್ಳುವ ಕ್ರಿಯೆ ನಮ್ಮದು. ಅವನು ಉಟ್ಟದ್ದನ್ನು ಕಂಡು ಮೂಗು ಮುರಿಯುವ ಅಧಿಕಾರ ಮಾತ್ರ ನಮಗಿಲ್ಲ. ಗೂಡು ಬೆಳೆದು ಮಕ್ಕಳನ್ನು ಓದಿಸುವ ರೈತನನ್ನು ಹಳಿಯುವ ಅಧಿಕಾರವೂ ಇಲ್ಲ. ವ್ರತವು ತೊಟ್ಟವನನ್ನು ಕಟ್ಟುತ್ತದೆ. ತೊಡದವನನ್ನು ಅಳೆಯುವ ಕೋಲು ಅದಲ್ಲ.

ಕೊಡುವುದರಲ್ಲಿ ನಮಗೆ ದೊಡ್ಡ ಆದರ್ಶವು ಹತ್ತಿರದಲ್ಲಿಯೇ ಇದೆ. ಹಾವೇರಿಯಿಂದ ಬಹಳ ದೂರವಲ್ಲದ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಗರಿಯ ಕಾಲದಲ್ಲಿ ಅದೆಷ್ಟು ಕೈಗಳ ಕೆಲಸವೆಂಬುದನ್ನು ಊಹಿಸಿ ನೋಡಬೇಕು. ಸಾವಿರ ಜನರಿಗೆ ಕೊಟ್ಟದ್ದು ಒಂದೇ ವಸ್ತು. ಅದು ಕಪಾಟನ್ನು ತುಂಬುವ ಬದಲು ಓದುವವನ ಮನಸ್ಸನ್ನು ತುಂಬಿತು. ಇದೇ ಹಾವೇರಿ ಸೀಮೆಯ ಬಂಕಾಪುರದಲ್ಲಿ ಗಂಗರ ಅರಸ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ರಾಜ್ಯವನ್ನೂ ಕೊನೆಗೆ ಅನ್ನವನ್ನೂ ಬಿಟ್ಟು ಸಲ್ಲೇಖನದಿಂದ ದೇಹವನ್ನು ತ್ಯಜಿಸಿದನು. ಕೊಡುವ ಮಾರ್ಗವೂ ಬಿಡುವ ಮಾರ್ಗವೂ ಈ ನೆಲದಲ್ಲಿ ಹೀಗೆ ಅಕ್ಕಪಕ್ಕದಲ್ಲಿಯೇ ನಡೆದಿವೆ.

ಬರುವ ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ದಿನ ಮನೆಯವರೆಲ್ಲ ಕೂಡಿ ಉಡುಗೊರೆಗೆ ಸಂಬಂಧಿಸಿದ ಒಂದು ನಿಯಮವನ್ನು ತೆಗೆದುಕೊಳ್ಳಬಹುದು. ಕೊಲ್ಲದೆ ದೊರೆಯದ ವಸ್ತುವನ್ನು ತನಗಾಗಿಯಾಗಲಿ ಪರರಿಗಾಗಿಯಾಗಲಿ ಕೊಳ್ಳುವುದಿಲ್ಲ. ಒಂದು ಪ್ರಯಾಣಕ್ಕೆ ಇಂತಿಷ್ಟೇ ವಸ್ತುಗಳೆಂದು ಹೊರಡುವ ಮೊದಲೇ ಎಣಿಸಿಡುತ್ತೇನೆ. ನಕಲನ್ನು ನಿಜವೆಂದು ಯಾರಿಗೂ ಕೊಡುವುದಿಲ್ಲ. ಒಂದು ವರ್ಷದ ಮಟ್ಟಿಗೆ ಹಿಡಿದು ನೋಡಿದರೂ ಸಾಕು. ಮುಂದಿನದನ್ನು ಆ ಒಂದು ವರ್ಷದ ಅನುಭವವೇ ಹೇಳಿಕೊಡುವುದು.